ಹನ್ನೊಂದು ಮಾತ್ರೆ ವಾಪಸ್ಸು

ಮೂರನೆಯ ಹೆರಿಗೆಯಲ್ಲಿ ವನಜಮ್ಮ ಸಾಯುವುದೊಂದು ಬಾಕಿಯಿತ್ತು. ಮಗು ಹುಟ್ಟಿ ಅಳುವ ಹೊತ್ತಿಗೆ ಶುರುವಾದ ರಕ್ತ ನಿಲ್ಲಲೇ ಇಲ್ಲ. ಸೂಲಗಿತ್ತಿ ಕೈಚೆಲ್ಲಿ ಕೂತಳು. ಗಂಡ ಸಣ್ಣಸ್ವಾಮಿ ಗದ್ದೆ ಬದುವಿನ ಮೇಲೆ ಓಡಿಹೋಗಿ ಹೊನ್ನೆಗದ್ದೆ ಎಸ್ಟೇಟಿನ ಜೀಪು ಕರೆದುಕೊಂಡು ಬಂದ. ಎಸ್ಟೇಟ್ ಆಸ್ಪತ್ರೆಯ ಡಾಕ್ಟರಮ್ಮ ಬಾಟಲಿಯ ಮೇಲೆ ಬಾಟಲಿ ಏರಿಸಿ, ಎರಡು ದಿನ ಅವಳ ಮಂಚದ ಪಕ್ಕದಿಂದ ಏಳದೆ, ಹೇಗೋ ಉಳಿಸಿಕೊಂಡರು. ಅದು ೧೯೬೮ರ ಡಿಸೆಂಬರ್. ವನಜಮ್ಮನಿಗೆ ಆಗ ಇಪ್ಪತ್ತಾರು ವರ್ಷ.

ಮನೆಗೆ ಕಳಿಸುವ ದಿನ ಡಾಕ್ಟರಮ್ಮ ಸಣ್ಣಸ್ವಾಮಿಯನ್ನು ಒಳಗೆ ಕರೆದು ನಿಲ್ಲಿಸಿಕೊಂಡರು.

"ಇನ್ನೊಂದು ಸಲ ಬಸುರಾದ್ರೆ ಇವಳು ಉಳಿಯಲ್ಲ. ಹೆದರಿಸೋಕೆ ಹೇಳ್ತಿಲ್ಲ ನಾನು. ಇವಳಿಗೆ ಈಗ ಆಪರೇಷನ್ ಮಾಡುವಷ್ಟು ಶಕ್ತಿ ಇಲ್ಲ. ನೀನು ಮಾಡಿಸ್ಕೋ. ಗಂಡಸರಿಗೆ ಹತ್ತು ನಿಮಿಷದ ಕೆಲಸ."

ಸಣ್ಣಸ್ವಾಮಿ ತಲೆಯಾಡಿಸಿದ. ಅವನು ಯಾರ ಮಾತಿಗೂ ಇಲ್ಲ ಅನ್ನುವವನಲ್ಲ. ಬಿದಿರಕೊಪ್ಪಲಿಗೆ ವಾಪಸಾದ ಮೇಲೆ ರಾಗಿ ಒಕ್ಕಣೆ ಮುಗಿಯಲಿ ಅಂದ. ಆಮೇಲೆ ಮೆಣಸಿನಕಾಯಿ ಕೊಯ್ಲು ಮುಗಿಯಲಿ ಅಂದ. ಆಪರೇಷನ್ ಮಾಡಿಸಿಕೊಂಡ ಪಕ್ಕದ ಊರಿನ ನಂಜಪ್ಪ ನೇಗಿಲು ಎತ್ತಲಾರದೆ ಕೂತಿದ್ದಾನಂತೆ ಎಂದು ಯಾರೋ ಹೇಳಿದ್ದರು. ನಂಜಪ್ಪ ಅದಕ್ಕೆ ಮುಂಚೆಯೂ ನೇಗಿಲು ಎತ್ತಿದವನಲ್ಲ ಎಂದು ವನಜಮ್ಮ ಹೇಳಿದಳು. ಸಣ್ಣಸ್ವಾಮಿ ಅದಕ್ಕೂ ತಲೆಯಾಡಿಸಿದ.

ಬಸುರಾಗದಂತೆ ನುಂಗುವ ಮಾತ್ರೆಯ ವಿಷಯ ಹೇಳಿದವಳು ನರ್ಸ್ ದಮಯಂತಿ. ನಾಪೋಕ್ಲು ಕಡೆಯವಳು, ಎಸ್ಟೇಟ್ ಆಸ್ಪತ್ರೆಯಲ್ಲಿ ಕೆಲಸ. ಶನಿವಾರಗಳಲ್ಲಿ ಎಸ್ಟೇಟ್ ಲಾರಿ ಹತ್ತಿ ಶನಿವಾರಸಂತೆಗೆ ಬಂದು, ಸಂತೆಮಾಳದ ಹಿಂದಿನ ಹಳೆಯ ಅಕ್ಕಿಮಿಲ್ಲಿನ ಜಗಲಿಯಲ್ಲಿ ತಕ್ಕಡಿ ಇಟ್ಟುಕೊಂಡು ಕೂರುತ್ತಿದ್ದಳು. ಸುತ್ತಲಿನ ಹೆಂಗಸರು ಮಕ್ಕಳನ್ನು ತೂಗಿಸಲು ಅಲ್ಲಿಗೆ ಬರುತ್ತಿದ್ದರು. ಫೆಬ್ರವರಿಯಲ್ಲಿ ವನಜಮ್ಮ ಮಗುವನ್ನು ತೂಗಿಸಿ ಏಳುವಾಗ ದಮಯಂತಿ ಅವಳ ಸೆರಗು ಹಿಡಿದು ಕೂರಿಸಿದಳು. ಕಂದು ಬಣ್ಣದ ಸಣ್ಣ ಬಾಟಲಿಯೊಂದನ್ನು ತೆಗೆದು ತೋರಿಸಿದಳು. ಒಳಗೆ ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ಬಿಳಿ ಮಾತ್ರೆಗಳು.

"ಇದು ಹಾಲೂಡಿಸೋ ತಾಯಂದಿರಿಗೆ ಅಂತಲೇ ಬಂದಿರೋದು. ಹಾಲು ಕಡಿಮೆ ಆಗಲ್ಲ. ಮಧ್ಯೆ ಬಿಡೋ ಹಾಗಿಲ್ಲ ಮಾತ್ರ. ಮುಟ್ಟಾದ್ರೂ ಸರಿ, ಜ್ವರ ಬಂದ್ರೂ ಸರಿ, ದಿನಾ ಒಂದು. ಅದೂ ಒಂದೇ ಹೊತ್ತಿಗೆ. ಇವತ್ತು ಬೆಳಿಗ್ಗೆ ನಾಳೆ ಸಂಜೆ ಅಂದ್ರೆ ಕೆಲಸ ಮಾಡಲ್ಲ."

"ಬೇರೆ ಯಾರಾದ್ರೂ ನುಂಗಿದಾರಾ ಸಿಸ್ಟರ್?"

"ಹೊರದೇಶದಲ್ಲಿ ನುಂಗ್ತಾರೆ. ಇಲ್ಲಿ ನಮ್ಮ ಆಸ್ಪತ್ರೆಯಿಂದ ಇಪ್ಪತ್ತೆರಡು ಜನಕ್ಕೆ ಕೊಡ್ತೀವಿ. ಬೆಂಗಳೂರಿನಿಂದ ಡಾಕ್ಟರು ಬಂದು ನೋಡ್ಕೊಂಡು ಹೋಗ್ತಾರೆ."

"ಏನಾದ್ರೂ ಆದ್ರೆ?"

"ಏನಾದ್ರೂ ಆದ್ರೆ ನಾನಿದೀನಲ್ಲ," ಅಂದಳು ದಮಯಂತಿ.

ವನಜಮ್ಮ ಬಾಟಲಿಯನ್ನು ಮಗುವಿನ ಬಟ್ಟೆಯೊಳಗೆ ಸುತ್ತಿಕೊಂಡು ಮನೆಗೆ ಬಂದಳು.

ಮನೆಯಲ್ಲಿ ಗಡಿಯಾರವಿರಲಿಲ್ಲ. ಊರ ಶಾಲೆಯ ಮೊದಲ ಗಂಟೆ ಹತ್ತಕ್ಕೆ ಹೊಡೆಯುತ್ತಿತ್ತು. ಗಂಟೆ ಕೇಳಿದ ಕೂಡಲೇ, ಕೈಯಲ್ಲಿ ಸಗಣಿಯಿರಲಿ ಹಿಟ್ಟಿರಲಿ, ತೊಳೆದುಕೊಂಡು ಒಂದು ಮಾತ್ರೆ ನುಂಗುತ್ತಿದ್ದಳು. ಭಾನುವಾರಗಳಲ್ಲೂ ಶಾಲೆಗೆ ರಜೆಯಿದ್ದಾಗಲೂ ಅಂಗಳದ ಒರಳುಕಲ್ಲಿನ ನೆರಳು ನೋಡುತ್ತಿದ್ದಳು. ಮೋಡ ಕವಿದ ಭಾನುವಾರ ಅವಳಿಗೆ ಜೀವವೇ ನಿಲ್ಲುತ್ತಿರಲಿಲ್ಲ. ಬೆಳಗಿನಿಂದ ಎರಡೆರಡು ಸಲ ಪಕ್ಕದ ಮನೆಗೆ ಹೋಗಿ ಅವರ ರೇಡಿಯೋದಲ್ಲಿ ವಾರ್ತೆ ಆಯಿತೇ ಎಂದು ಕೇಳಿ ಬರುತ್ತಿದ್ದಳು. ಸಣ್ಣಸ್ವಾಮಿಗೆ ಹೇಳಿದ್ದಳು. ತನಗಿನ್ನು ಚಿಂತೆಯಿಲ್ಲ ಎಂದು ಅವನು ನಿರಾಳವಾಗಿದ್ದ. ಅತ್ತೆ ಹುಚ್ಚಮ್ಮನಿಗೆ ಹೇಳಿರಲಿಲ್ಲ.

ಎರಡನೆಯ ತಿಂಗಳಿಂದ ತೊಂದರೆ ಶುರುವಾಯಿತು. ಹೊತ್ತುಗೊತ್ತಿಲ್ಲದೆ ಸ್ವಲ್ಪ ಸ್ವಲ್ಪ ರಕ್ತ. ನಾಲ್ಕು ದಿನ ಕಾಣುವುದು, ಮೂರು ದಿನ ನಿಲ್ಲುವುದು, ಮತ್ತೆ ಕಾಣುವುದು. ದಮಯಂತಿಯನ್ನು ಕೇಳಿದರೆ ಈ ಮಾತ್ರೆಗೆ ಹಾಗಾಗುತ್ತದೆ, ಹೆದರಬೇಡ, ಬಿಡಬೇಡ ಅಂದಳು. ಅದು ಸರಿಯೇ. ಆದರೆ ಆ ಮನೆಯಲ್ಲಿ ರಕ್ತ ಕಂಡವಳು ಕೊಟ್ಟಿಗೆ ಪಕ್ಕದ ಜಗಲಿಯಲ್ಲಿ ಕೂರಬೇಕು. ಒಲೆ ಮುಟ್ಟುವಂತಿಲ್ಲ, ನೀರಿನ ಹಂಡೆ ಮುಟ್ಟುವಂತಿಲ್ಲ. ತಿಂಗಳಿಗೆ ಮೂರು ದಿನ ಆಚೆ ಕೂರುತ್ತಿದ್ದವಳು ಹದಿನೈದು ದಿನ ಕೂರತೊಡಗಿದಳು.

"ಏನೇ ವನಜಿ, ಮೊನ್ನೆ ತಾನೆ ನೀರು ಹುಯ್ಕೊಂಡು ಒಳಗ್ ಬಂದೆ. ಮತ್ತೆ ಕೂತ್ಯಾ?" ಎಂದು ಹುಚ್ಚಮ್ಮ ಕೇಳುವಳು. ಮುದುಕಿಗೆ ಮಂಡಿನೋವು. ಒಲೆಯ ಮುಂದೆ ಕೂತರೆ ಏಳಲು ಗೋಡೆ ಹಿಡಿಯಬೇಕು. ಜುಲೈಯಲ್ಲಿ ನಾಟಿ ಶುರುವಾಗಿ, ದಿನಾ ಹನ್ನೆರಡು ಆಳಿಗೆ ಮುದ್ದೆ ಸಾರು ಅವಳೊಬ್ಬಳೇ ಮಾಡಬೇಕಾಗಿ ಬಂದಾಗ ಅವಳ ಸಹನೆ ಮುಗಿಯಿತು.

"ನಿನಗೇನೋ ಕಾಯಿಲೆ ಅದೆ. ನಾಳೆ ಸೋಮವಾರಪೇಟೆ ಪಂಡಿತರ ಹತ್ರ ಹೋಗುವ."

ವನಜಮ್ಮ ಆಗ ಎಲ್ಲ ಹೇಳಿದಳು. ಹುಚ್ಚಮ್ಮ ಸೌಟು ಹಿಡಿದುಕೊಂಡೇ ಕೇಳಿದಳು.

"ನಿನ್ ಗಂಡಂಗೆ ಗೊತ್ತಾ?"

"ಗೊತ್ತು."

"ನಂಗೊಬ್ಬಳಿಗೆ ಗೊತ್ತಿರ್ಲಿಲ್ಲ."

ಎರಡು ದಿನ ಮಾತಿಲ್ಲ. ಮೂರನೆಯ ದಿನ ಬೆಳಿಗ್ಗೆ ಹುಚ್ಚಮ್ಮ ಕೊಟ್ಟಿಗೆ ಬಾಗಿಲಿಗೆ ಬಂದು ನಿಂತಳು. "ಔಷ್ಧಿಯಿಂದ ಬರೋ ರಕ್ತ ಮುಟ್ಟಲ್ಲ. ಎದ್ದು ಬಾ, ಖಾರ ಅರಿ." ಖಾರ ಅರೆಯುತ್ತಿದ್ದಾಗ ಹಿಂದಿನಿಂದ ಇನ್ನೊಂದು ಮಾತು ಹೇಳಿದಳು. "ಒಂಬತ್ತು ಹೆತ್ತೆ. ನಾಕು ಉಳುದ್ವು. ಬೇಕಾ ಬ್ಯಾಡ್ವಾ ಅಂತ ನನ್ನ ಯಾರೂ ಕೇಳ್ಲಿಲ್ಲ ಕಣೇ."

ಆಮೇಲೆ ಮೋಡ ಕವಿದ ಭಾನುವಾರ ರೇಡಿಯೋ ಕೇಳಿ ಬರುವ ಕೆಲಸ ಹುಚ್ಚಮ್ಮನದಾಯಿತು.

ಹೀಗೆ ಒಂದು ವರ್ಷ ಕಳೆಯಿತು. ಮಗು ಎದ್ದು ನಡೆಯತೊಡಗಿತು. ವನಜಮ್ಮನ ಮೈಯಲ್ಲಿ ಸ್ವಲ್ಪ ರಕ್ತ ತುಂಬಿತ್ತು. ಮರುವರ್ಷ ಫೆಬ್ರವರಿಯ ಒಂದು ಶನಿವಾರ ಹೊಸ ಬಾಟಲಿಗೆಂದು ಹೋದಾಗ ದಮಯಂತಿ ತಲೆ ಎತ್ತದೆ, "ಸ್ಟಾಕ್ ಬಂದಿಲ್ಲ," ಅಂದಳು. "ಮನೇಲಿ ಎಷ್ಟಿದೆ?"

"ಹನ್ನೊಂದು. ಲೆಕ್ಕ ಹಾಕ್ಕೊಂಡೇ ಬಂದೆ. ಬಾಟಲಿ ಇಲ್ಲೇ ಅದೆ ನೋಡಿ."

"ಕೊಡಿ."

ವನಜಮ್ಮ, ಹಳೆಯ ಬಾಟಲಿಗೇ ತುಂಬಿಸಿ ಕೊಡುತ್ತಾಳೇನೋ ಅಂದುಕೊಂಡು ಕೊಟ್ಟಳು. ದಮಯಂತಿ ಅದನ್ನು ಕಾಲ ಬಳಿಯ ಸೋಪಿನ ಡಬ್ಬದೊಳಗೆ ಹಾಕಿದಳು. ಆ ಡಬ್ಬದಲ್ಲಿ ಅಂಥವೇ ಏಳೆಂಟು ಬಾಟಲಿಗಳಿದ್ದವು. ಯಾವುದರಲ್ಲೂ ಮಾತ್ರೆ ಮುಗಿದಿರಲಿಲ್ಲ.

"ಅದ್ಯಾಕೆ ಇಟ್ಕೊಂಡ್ರಿ? ಇವತ್ತಿಂದು ನುಂಗಿದೀನಿ. ನಾಳೆಗೆ?"

"ವಾಪಸ್ ತಗೊಳ್ಳೋಕೆ ಹೇಳಿದಾರೆ. ಡಾಕ್ಟರಮ್ಮನ ಆರ್ಡರ್. ನನ್ನ ಏನೂ ಕೇಳ್ಬೇಡಿ ವನಜಮ್ಮ." ದಮಯಂತಿ ಮುಂದಿನವಳ ಮಗುವನ್ನು ತಕ್ಕಡಿಗೆ ಎತ್ತಿಟ್ಟಳು. "ಆಸ್ಪತ್ರೆಗೆ ಬಂದು ಬಸುರು ತಡೆಯೋಕೆ ಗರ್ಭಕ್ಕೆ ಲೂಪ್ ಹಾಕಿಸ್ಕೊಳ್ಳಿ. ಅಲ್ಲಿವರೆಗೂ ಯಜಮಾನ್ರಿಗೆ ದೂರ ಇರೋಕೆ ಹೇಳಿ."

ವನಜಮ್ಮ ಎರಡು ಸಲ ಎಸ್ಟೇಟ್ ಆಸ್ಪತ್ರೆಗೆ ಹೋದಳು. ನಾಲ್ಕು ಮೈಲಿ ನಡಿಗೆ, ಸೊಂಟದ ಮೇಲೆ ಮಗು. ಎರಡು ಸಲವೂ ಡಾಕ್ಟರಮ್ಮ ಇರಲಿಲ್ಲ. ಮಗಳ ಮದುವೆಗೆಂದು ಎರಡು ತಿಂಗಳ ರಜೆಯ ಮೇಲೆ ಹೋಗಿದ್ದರು. ಕಾಂಪೌಂಡರ್ ಕೈಯಲ್ಲಿ ಲೂಪ್ ಹಾಕುವುದಾಗುವುದಿಲ್ಲ. ಅವಳು ಮನೆಗೆ ಬಂದು ಗಂಡನ ಚಾಪೆಯನ್ನು ಜಗಲಿಗೆ ಹಾಕಿದಳು. ಯಾಕೆಂದು ಬಿಡಿಸಿ ಹೇಳಿದಳು. ಅವನು ತಲೆಯಾಡಿಸಿದ.

ಏಳು ವಾರ ಅವನು ಜಗಲಿಯಲ್ಲಿ ಮಲಗಿದ. ಯುಗಾದಿಯ ದಿನ ಮಧ್ಯಾಹ್ನ ಹುಚ್ಚಮ್ಮ ಮಕ್ಕಳನ್ನು ಕರೆದುಕೊಂಡು ನಂಟರ ಮನೆಗೆ ಹೋಗಿದ್ದಾಗ ಅವನು ಒಳಗೆ ಬಂದ. ಬೇಡ ಅಂದಳು. ಕೈ ತಳ್ಳಿದಳು. "ಒಂದ್ ಸಲಕ್ಕೆ ಏನಾಗುತ್ತೆ," ಅಂದ ಅವನು. ಯಾರ ಮಾತಿಗೂ ಇಲ್ಲ ಅನ್ನದವನು ಆ ದಿನ ಅವಳ ಮಾತನ್ನು ಕೇಳಲಿಲ್ಲ.

ಮೇ ತಿಂಗಳ ಕೊನೆಗೆ ಒಗ್ಗರಣೆಯ ವಾಸನೆಗೆ ವನಜಮ್ಮ ಹಿತ್ತಲಿಗೆ ಓಡಿದಳು. ಹುಚ್ಚಮ್ಮ ಹಿಂದೆಯೇ ಬಂದು ನಿಂತು ನೋಡಿದಳು. ಮುದುಕಿ ಒಳಗೆ ಹೋಗಿ ಮಗುವಿಗೆ ಅಂಗಿ ತೊಡಿಸಿ, ತಾನು ಬೇರೆ ಸೀರೆ ಉಟ್ಟುಕೊಂಡು ಬಂದಳು.

"ನಡಿ."

"ನಿಮಗೆ ಮಂಡಿ..."

"ನಡಿ ಅಂದೆ."

ನಾಲ್ಕು ಮೈಲಿ ನಡೆಯಲು ಅವರಿಗೆ ಮೂರು ಗಂಟೆ ಹಿಡಿಯಿತು.

ಡಾಕ್ಟರಮ್ಮ ಪರೀಕ್ಷೆ ಮಾಡಿ ಕೈ ತೊಳೆದುಕೊಂಡು ಬಂದು ಕುರ್ಚಿಯಲ್ಲಿ ಕೂತರು. ಐವತ್ತು ದಾಟಿದ ಹೆಂಗಸು, ಇಪ್ಪತ್ತು ವರ್ಷದಿಂದ ಅದೇ ಆಸ್ಪತ್ರೆಯಲ್ಲಿದ್ದವರು. ಅವರ ಮುಖ ಬಿಳಿಚಿತ್ತು. ದಮಯಂತಿ ಬಾಗಿಲ ಹತ್ತಿರ ಟ್ರೇ ಹಿಡಿದು ನಿಂತಿದ್ದಳು.

"ಎರಡು ತಿಂಗಳು ಆಗ್ತಾ ಬಂತು. ಅಲ್ಲ ವನಜ, ಸಿಸ್ಟರ್ ನಿನಗೆ ಲೂಪ್ ಹಾಕಿಸ್ಕೋ ಅಂತ ಹೇಳಿರಲಿಲ್ವಾ?"

"ಹೇಳಿದ್ರು. ಎರಡು ಸಲ ಬಂದೆ. ನೀವಿರ್ಲಿಲ್ಲ."

"ಗಂಡನಿಗಾದ್ರೂ ಬುದ್ಧಿ ಬೇಡ್ವಾ."

"ಅವನದು ಆಮೇಲೆ ನೋಡ್ಕೋತೀನಿ," ಅಂದಳು ವನಜಮ್ಮ. ಗಂಡನನ್ನು ಬಹುವಚನದಲ್ಲಿ ಕರೆಯುತ್ತಿದ್ದವಳು ಅತ್ತೆಯ ಎದುರಿಗೇ ಅವನು ಅಂದಿದ್ದಳು. "ನೀವು ಹೇಳಿ ಡಾಕ್ಟರಮ್ಮ. ಮಾತ್ರೆ ಯಾಕೆ ನಿಲ್ಸಿದ್ರಿ?"

"ಸಪ್ಲೈ ನಿಂತುಹೋಯ್ತು."

"ಸಪ್ಲೈ ನಿಂತ್ರೆ ಹೊಸದು ಬರಲ್ಲ. ನನ್ನ ಹತ್ರ ಇದ್ದ ಹನ್ನೊಂದು ಯಾಕೆ ಕಿತ್ಕೊಂಡ್ರಿ?"

ಡಾಕ್ಟರಮ್ಮ ಮೇಜಿನ ಮೇಲಿನ ಪೆನ್ನನ್ನು ಅತ್ತಿಂದಿತ್ತ ಇಟ್ಟರು. ಉತ್ತರ ಬಂದದ್ದು ಬಾಗಿಲ ಕಡೆಯಿಂದ.

"ನಾಯಿಗಳಿಗೆ ಗಂಟು ಬಂತಂತೆ," ಅಂದಳು ದಮಯಂತಿ.

"ಸಿಸ್ಟರ್."

"ಹೇಳ್ಬಿಡಿ ಮೇಡಂ. ನನಗೆ ಆಗ್ತಿಲ್ಲ."

"ಯಾವ ನಾಯಿಗೆ?" ಅಂದಳು ಹುಚ್ಚಮ್ಮ.

ಡಾಕ್ಟರಮ್ಮ ಹೇಳಿದರು. ಹೊರದೇಶದಲ್ಲಿ ಔಷಧಿ ಪರೀಕ್ಷೆ ಮಾಡಲು ನಾಯಿಗಳಿಗೆ ಇದೇ ಮಾತ್ರೆ ತಿನ್ನಿಸಿದ್ದರಂತೆ. ಅವುಗಳ ಮೊಲೆಯಲ್ಲಿ ಗಂಟು ಕಾಣಿಸಿಕೊಂಡಿತಂತೆ. ಎಲ್ಲ ಕಡೆ ನಿಲ್ಲಿಸಿ, ಕೊಟ್ಟಿದ್ದನ್ನೂ ವಾಪಸ್ ತಗೊಳ್ಳಿ ಎಂದು ಬೆಂಗಳೂರಿನಿಂದ ಕಾಗದ ಬಂತು. "ಆದರೆ ನಾಯಿಗಳಿಗೆ ಕೊಟ್ಟಿದ್ದು ತುಂಬಾ ಜಾಸ್ತಿ ಪ್ರಮಾಣ. ಮನುಷ್ಯರಿಗೆ ಹಾಗಾಗುತ್ತೆ ಅಂತ ಯಾರೂ ಹೇಳಿಲ್ಲ."

"ಆಗಲ್ಲ ಅಂತ ಹೇಳಿದಾರಾ?"

"ಇಲ್ಲ. ಅದೂ ಗೊತ್ತಿಲ್ಲ."

"ಕಾಗದ ಯಾವಾಗ ಬಂತು?"

"ಜನವರಿ ಕೊನೇಲಿ."

ವನಜಮ್ಮ ಕೂತಲ್ಲಿಂದ ಎದ್ದಳು. ಈ ಹೆಂಗಸು ತನ್ನ ಜೀವ ಉಳಿಸಿದವರು ಎಂಬುದು ಅವಳಿಗೆ ನೆನಪಿತ್ತು. ಆ ಋಣದ ಮುಂದೆ ಮಾತು ನುಂಗಿಕೊಳ್ಳಬೇಕೆಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡು ಬಂದಿದ್ದಳು. ಈಗ ನುಂಗಲಾಗಲಿಲ್ಲ.

"ಹಾಗಾದ್ರೆ ನಿಮಗೆ ಗೊತ್ತಿತ್ತು. ಬೆಂಗಳೂರಿನವ್ರಿಗೆ ಗೊತ್ತಿತ್ತು. ಸಿಸ್ಟರ್‌ಗೆ ಗೊತ್ತಿತ್ತು. ನುಂಗಿದವ್ರಿಗೊಬ್ಬರಿಗೆ ಗೊತ್ತಿರ್ಲಿಲ್ಲ."

"ಹೇಳಿದ್ರೆ ನೀವೆಲ್ಲ ಹೆದರಿಬಿಡ್ತೀರಿ ಅಂತ... ಊರೂರಲ್ಲಿ ಸುದ್ದಿಯಾದ್ರೆ ಇನ್ಯಾವ ಹೆಂಗಸೂ ಲೂಪಿಗೂ ಬರಲ್ಲ, ಯಾವುದಕ್ಕೂ ಬರಲ್ಲ. ನಿಮ್ಮ ಒಳ್ಳೇದಕ್ಕೇ..."

"ನಾನು ಹೆದರ್ಬೇಕಾ ಬ್ಯಾಡ್ವಾ ಅಂತ ನೀವ್ಯಾಕೆ ತೀರ್ಮಾನ ಮಾಡಿದ್ರಿ? ನನಗೆ ಹೇಳಿದ್ರೆ ನಾನು ಯೋಚ್ನೆ ಮಾಡ್ತಿದ್ದೆ. ಗಂಟು ಬಂದ್ರೆ ಬರ್ಲಿ, ಬಸುರಾದ್ರೆ ಹೇಗಿದ್ರೂ ಸಾಯ್ತೀನಿ, ಈ ಹನ್ನೊಂದು ಮುಗಿಯೋದ್ರೊಳಗೆ ಸೋಮವಾರಪೇಟೆಗೋ ಮಡಿಕೇರಿಗೋ ಹೋಗಿ ಲೂಪ್ ಹಾಕಿಸ್ಕೋತೀನಿ ಅಂತ ಹೇಳ್ತಿದ್ದೆ. ಇಲ್ಲಾ ಅಂದ್ರೆ ಬ್ಯಾಡ ಅಂತ ನಾನೇ ತಂದು ಬಿಸಾಕ್ತಿದ್ದೆ. ಎರಡರಲ್ಲಿ ಒಂದು ನಾನು ಮಾಡ್ತಿದ್ದೆ. ಗೊತ್ತಿಲ್ಲ ಅಂತೀರಲ್ಲ, ಆ ಗೊತ್ತಿಲ್ಲ ಅನ್ನೋದನ್ನಾದ್ರೂ ಹೇಳ್ಬೋದಿತ್ತು."

ಅವಳ ದನಿ ಹೆಚ್ಚೇನೂ ಏರಿರಲಿಲ್ಲ. ಹೊರಗೆ ಬೆಂಚಿನ ಮೇಲೆ ಕೂತಿದ್ದ ರೋಗಿಗಳು ಮಾತ್ರ ಬಾಗಿಲ ಕಡೆ ತಿರುಗಿ ನೋಡುತ್ತಿದ್ದರು.

"ಇದನ್ನ ಈಗ ತೆಗೀರಿ," ಅಂದಳು.

"ಹಾಗೆಲ್ಲ ತೆಗೆಯೋಕೆ ಬರಲ್ಲ ವನಜ. ಕಾನೂನಿದೆ. ತಾಯಿ ಜೀವಕ್ಕೆ ಅಪಾಯ ಇದ್ರೆ ಮಾತ್ರ..." ಡಾಕ್ಟರಮ್ಮ ಅಲ್ಲಿಗೇ ನಿಲ್ಲಿಸಿದರು.

"ಇನ್ನೊಂದು ಸಲ ಬಸುರಾದ್ರೆ ಉಳಿಯಲ್ಲ ಅಂತ ನನ್ನ ಮಗಂಗೆ ಹೇಳ್ದೋರು ಯಾರವ್ವ?" ಹುಚ್ಚಮ್ಮ ಕೇಳಿದಳು. "ನೀವಲ್ವಾ?"

ಡಾಕ್ಟರಮ್ಮ ಕಾಗದ ಎಳೆದುಕೊಂಡು ಬರೆಯತೊಡಗಿದರು. ಬರೆಯುತ್ತಲೇ, ತಲೆ ಎತ್ತದೆ, ಮೈಸೂರಿನ ದೊಡ್ಡಾಸ್ಪತ್ರೆಯಲ್ಲಿ ತಮ್ಮ ಜೊತೆ ಓದಿದವರೊಬ್ಬರಿದ್ದಾರೆ, ಅವರೂ ನೋಡಿ ಒಪ್ಪಬೇಕು, ನಾನೇ ಜೊತೆಗೆ ಬರುತ್ತೇನೆ, ಮಂಗಳವಾರ ಎಸ್ಟೇಟ್ ಜೀಪು ನಿಮ್ಮೂರಿಗೆ ಬರುತ್ತದೆ ಎಂದು ಹೇಳಿದರು.

ಮೈಸೂರಿನಲ್ಲಿ ಅವರು ಬಸುರು ತೆಗೆಯಲು ಒಪ್ಪಿದರು. ಅದರ ಜೊತೆಗೇ ಇನ್ನು ಮಕ್ಕಳಾಗದ ಹಾಗೆ ಆಪರೇಷನ್ನನ್ನೂ ಮಾಡಿಬಿಡುತ್ತೇವೆ, ಈಗ ಮೈ ತಡೆಯುತ್ತದೆ ಎಂದರು. ಅದಕ್ಕೆ ಗಂಡನ ರುಜು ಬೇಕಿತ್ತು. ಸಣ್ಣಸ್ವಾಮಿ ಫಾರಂ ಹಿಡಿದುಕೊಂಡು ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತಿದ್ದ. ಹಳ್ಳಿಯಿಂದ ಮೈಸೂರು ಮುಟ್ಟುವ ತನಕ ಅವಳು ಅವನ ಜೊತೆ ಒಂದು ಮಾತೂ ಆಡಿರಲಿಲ್ಲ. ಈಗ ಹತ್ತಿರ ಬಂದು ನಿಂತಳು.

"ನನ್ನ ಹೊಟ್ಟೆ ಕೊಯ್ಯೋಕೆ ನಿಮ್ಮ ರುಜು ಬೇಕಂತೆ. ಯುಗಾದಿ ದಿನ ನನ್ನ ರುಜು ಯಾರಿಗೂ ಬೇಕಿರ್ಲಿಲ್ಲ. ಹಾಕಿ."

"ವನಜಾ, ನಾನು..."

"ಅಳೋದಾದ್ರೆ ಆಮೇಲೆ ಅಳಿ. ಈಗ ಹಾಕಿ."

ಅವನು ಹಾಕಿದ. ಅಕ್ಷರ ಅಂಕುಡೊಂಕಾಗಿತ್ತು. ಅವಳು ಕಾಗದ ಕಿತ್ತುಕೊಂಡು ನರ್ಸಿನ ಕೈಗೆ ಕೊಟ್ಟು ಒಳಗೆ ಹೋದಳು. ಅವನ ಕಣ್ಣೀರು ಕಂಡಿತ್ತು, ಕನಿಕರ ಬರಲಿಲ್ಲ. ಬರಲಿ ಎಂದು ಅವಳೂ ಕಾಯಲಿಲ್ಲ.

ಹದಿನೈದು ದಿನ ಬಿಟ್ಟು ಊರಿಗೆ ಬಂದಳು. ಜೀವಕ್ಕೆ ಏನೂ ಆಗಲಿಲ್ಲ. ಸಣ್ಣಸ್ವಾಮಿಯ ಚಾಪೆ ಜಗಲಿಯಲ್ಲೇ ಉಳಿಯಿತು. ಹುಚ್ಚಮ್ಮ ಮಗನಿಗೆ ಊಟ ಬಡಿಸುವಾಗ ತಟ್ಟೆಯನ್ನು ಸ್ವಲ್ಪ ಸದ್ದಾಗುವಂತೆ ಇಡುತ್ತಿದ್ದಳು, ಅಷ್ಟೆ.

ಜುಲೈಯ ಒಂದು ಮಧ್ಯಾಹ್ನ ದಮಯಂತಿ ತಾನಾಗಿಯೇ ಮನೆಗೆ ಬಂದಳು. ಕೊಡೆ ಮಡಿಸಿ ಜಗಲಿಗೆ ಒರಗಿಸಿ, ಒಳಗೆ ಬರಲೋ ಬೇಡವೋ ಎಂದು ನಿಂತಳು.

"ನನಗೂ ಮೊದಲು ಕಾಗದ ತೋರಿಸಿರಲಿಲ್ಲ ವನಜಮ್ಮ. ಬಾಟಲಿ ತಗೊಳ್ಳೋಕೆ ಹೇಳಿದಾಗ ಕೇಳಿದೆ. ಯಾರಿಗೂ ಬಾಯಿ ಬಿಡಬೇಡ ಅಂದ್ರು. ಕೆಲಸ ಹೋದ್ರೆ ಮನೇಲಿ ಅಪ್ಪ, ಇಬ್ಬರು ತಂಗೀರು..."

"ನಾನಿದೀನಲ್ಲ ಅಂದಿದ್ರಿ."

ದಮಯಂತಿಯ ಕಣ್ಣು ತುಂಬಿತು.

"ಕೂತ್ಕೊಳ್ಳಿ. ಕಾಫಿ ಕುಡೀರಿ," ಅಂದಳು ವನಜಮ್ಮ. "ಉಳಿದ ಇಪ್ಪತ್ತೊಂದು ಜನ ಯಾರ್ಯಾರು ಹೇಳಿ."

ದಮಯಂತಿ ಒಂದೊಂದೇ ಹೆಸರು, ಊರು ಹೇಳಿದಳು. ಏಳನೆಯ ತರಗತಿವರೆಗೆ ಓದಿದ್ದ ವನಜಮ್ಮ ಮಗನ ಸ್ಲೇಟಿನ ಮೇಲೆ ಬರೆದುಕೊಂಡಳು. ಆರು ಜನ ಎಸ್ಟೇಟ್ ಕೂಲಿಗಳ ಲೈನಿನವರು, ಉಳಿದವರು ಸುತ್ತಲಿನ ಹಳ್ಳಿಗಳವರು. ಅವರಲ್ಲಿ ಇನ್ನಿಬ್ಬರು ಬಸುರಾಗಿದ್ದಾರೆ ಎಂದೂ ದಮಯಂತಿ ಹೇಳಿದಳು. ಅವರಿಗೆ ಜೀವದ ಅಪಾಯವಿರಲಿಲ್ಲ, ಬೇಡವಾಗಿತ್ತು, ಅಷ್ಟೆ.

ಮೂರು ವಾರ ವನಜಮ್ಮ ಊರೂರು ಸುತ್ತಿ ವಿಷಯ ತಿಳಿಸಿ, ಡಾಕ್ಟರಮ್ಮನನ್ನು ಕೇಳಲು ಒಂದು ಶನಿವಾರ ಎಲ್ಲರೂ ಒಟ್ಟಿಗೆ ಅಕ್ಕಿಮಿಲ್ಲಿಗೆ ಹೋಗೋಣ ಎಂದು ಕರೆದಳು. ಸಂತೆ ಬೀದಿಯ ಬಳೆ ಅಂಗಡಿಯ ರಾಮಮ್ಮ ಕೇಳಿದವಳೇ ಎದೆ ಹಿಡಿದುಕೊಂಡು ಕೂತುಬಿಟ್ಟಳು. ಮರುಗಳಿಗೆ ವನಜಮ್ಮನ ಮೇಲೇ ಹರಿಹಾಯ್ದಳು. "ಇದನ್ನ ನಂಗ್ಯಾಕೆ ಹೇಳ್ದೆ? ಗೊತ್ತಿಲ್ದೆ ಹಾಯಾಗಿದ್ದೆ. ಇನ್ನು ನಂಗೆ ನಿದ್ದೆ ಬರ್ತದಾ?" ವನಜಮ್ಮ ಅದಕ್ಕೆ ಸಿಟ್ಟು ಮಾಡಲಿಲ್ಲ. ಡಾಕ್ಟರಮ್ಮ ಹೇಳಿದ್ದೂ ಇದನ್ನೇ ತಾನೆ ಎಂದು ಒಂದು ಕ್ಷಣ ಅನ್ನಿಸಿ ಹಿಂಸೆಯಾಯಿತು. ಆದರೆ ಎರಡು ದಿನ ಕಳೆದು ರಾಮಮ್ಮನೇ ಹೇಳಿ ಕಳಿಸಿದಳು: ಯಾವತ್ತು ಹೋಗೋದು, ನಾನೂ ಬರ್ತೀನಿ. ಎಸ್ಟೇಟ್ ಲೈನಿನ ಚೋಮಿ ಮಾತ್ರ ನಕ್ಕಳು. "ನಾಯಿಗೆ ಕೊಟ್ಟು ನೋಡಿದ್ರಂತಾ? ನಮಗೂ ಕೊಟ್ಟು ನೋಡಿದ್ರಲ್ಲಕ್ಕ. ನಾಯಿ ಮುಂಚೆಯಾ ನಾವು ಮುಂಚೆಯಾ?" ನಗುತ್ತಲೇ ಕಣ್ಣೊರೆಸಿಕೊಂಡಳು. ಮಾರನೆಯ ದಿನ ಕೂಲಿಗಳ ಹಾಜರಿ ಬರೆಯುವ ರೈಟರನ ಮುಂದೆ, ಶನಿವಾರ ಕೆಲಸಕ್ಕೆ ಬರುವುದಿಲ್ಲ ಎಂದು ಹೇಳಿದಳು.

ಆಗಸ್ಟ್ ಕೊನೆಯ ಶನಿವಾರ ಅಕ್ಕಿಮಿಲ್ಲಿನ ಜಗಲಿಯಲ್ಲಿ ಹದಿನೇಳು ಜನ ಸೇರಿದರು. ದಮಯಂತಿ ಮುಂಚೆಯೇ ತಿಳಿಸಿದ್ದರಿಂದ ಡಾಕ್ಟರಮ್ಮ ಬಂದಿದ್ದರು. ಜೊತೆಗೆ ಬೆಂಗಳೂರಿನ ಡಾಕ್ಟರೂ ಬಂದಿದ್ದ. ಚಿಕ್ಕ ವಯಸ್ಸು, ಕಪ್ಪು ಬ್ಯಾಗು, ಹೊಸ ಬೂಟಿಗೆ ಅಂಟಿದ ಕೆಸರನ್ನು ಮೆಟ್ಟಿಲಿಗೆ ಉಜ್ಜುತ್ತಿದ್ದ.

"ನಮ್ಮೆಲ್ಲರ ಎದೆ ಪರೀಕ್ಷೆ ಮಾಡಿ," ಅಂದಳು ವನಜಮ್ಮ. "ಒಬ್ಬೊಬ್ಬರದೂ. ಏನಿದೆ ಏನಿಲ್ಲ ಅವರವರಿಗೇ ಹೇಳಿ."

ಡಾಕ್ಟರಮ್ಮ ಒಪ್ಪಿದರು. ಮಿಲ್ಲಿನ ಒಳಗೆ ಸೀರೆ ಕಟ್ಟಿ ಮರೆ ಮಾಡಿದರು. ಮಧ್ಯಾಹ್ನದವರೆಗೂ ಒಬ್ಬೊಬ್ಬರಾಗಿ ಹೋಗಿ ಬಂದರು. ಯಾರಿಗೂ ಏನೂ ಇರಲಿಲ್ಲ. ರಾಮಮ್ಮ ರವಿಕೆ ಗುಂಡಿ ಹಾಕಿಕೊಳ್ಳುತ್ತಾ ಹೊರಗೆ ಬಂದು ಕಂಬಕ್ಕೊರಗಿ ಜೋರಾಗಿ ಉಸಿರು ಬಿಟ್ಟಳು.

ಆಗ ಬೆಂಗಳೂರಿನ ಡಾಕ್ಟರು ಬ್ಯಾಗಿನಿಂದ ಅಚ್ಚು ಮಾಡಿದ ಕಾಗದಗಳನ್ನೂ ಹೆಬ್ಬೆಟ್ಟಿನ ಮಸಿಯನ್ನೂ ತೆಗೆದ.

"ನೋಡಿದ್ರಲ್ಲಮ್ಮ, ಎಲ್ಲ ಸರಿಯಾಗಿದೆ. ಸುಮ್ಮನೆ ಗಾಬರಿ ಆದ್ರಿ. ಇಲ್ಲೊಂದು ರುಜು ಹಾಕಿಬಿಡಿ. ಬರೆಯೋಕೆ ಬಾರದವರು ಹೆಬ್ಬೆಟ್ಟು ಒತ್ತಿ. ನಮ್ಮ ಕಡತಕ್ಕೆ ಬೇಕು, ಅಷ್ಟೇ."

ಚೋಮಿಯ ಹೆಬ್ಬೆಟ್ಟು ಮಸಿಯ ಮೇಲೆ ಅರ್ಧ ಹೋಗಿತ್ತು. ವನಜಮ್ಮ ಅವಳ ಕೈ ಹಿಡಿದು ನಿಲ್ಲಿಸಿ, ಕಾಗದ ತೆಗೆದುಕೊಂಡು ಎಲ್ಲರಿಗೂ ಕೇಳುವ ಹಾಗೆ ಓದಿದಳು.

"ಈ ಮಾತ್ರೆಯ ಗುಣದೋಷಗಳನ್ನು ನನಗೆ ಸಂಪೂರ್ಣವಾಗಿ ವಿವರಿಸಲಾಗಿದೆ. ನಾನು ಸ್ವಂತ ಇಚ್ಛೆಯಿಂದ ಇದನ್ನು ಸೇವಿಸಲು ಒಪ್ಪಿರುತ್ತೇನೆ. ತಾರೀಕು, ಫೆಬ್ರವರಿ ಹದಿನೈದು, ಸಾವಿರದ ಒಂಬೈನೂರ ಅರುವತ್ತೊಂಬತ್ತು."

ಓದಿ ಮುಗಿಸಿ ಅವಳು ತಲೆ ಎತ್ತಿದಳು.

"ಇವತ್ತು ಯಾವ ತಾರೀಕು ಡಾಕ್ಟ್ರೇ?"

"ಅದು ಫಾರ್ಮಾಲಿಟಿ ಅಮ್ಮ. ನಿಮಗೆ ಅರ್ಥ ಆಗಲ್ಲ."

"ಅರ್ಥ ಆಗ್ತದೆ. ಹೋದ ವರ್ಷ ನಮಗೆಲ್ಲ ಹೇಳಿದ್ರಿ ಅಂತ ಈ ವರ್ಷ ನಮ್ಮ ಕೈಲಿ ಬರೆಸ್ಕೋತಾ ಇದೀರಿ. ನಂಗೆ ಹೇಳಿದ್ದು ಏನು ಗೊತ್ತಾ? ದಿನಾ ಒಂದೇ ಹೊತ್ತಿಗೆ ನುಂಗು ಅಂತ. ನುಂಗಿದೆ. ಒಂದು ದಿನ ತಪ್ಪಿಸ್ಲಿಲ್ಲ. ನೀವು ಹೇಳಿದ ಹಾಗೆ ನಾವು ನಡ್ಕೊಂಡ್ವಿ. ನೀವು ನಡ್ಕೊಳ್ಲಿಲ್ಲ." ಅವಳು ಕಾಗದವನ್ನು ಮೇಜಿನ ಮೇಲೆ ತಿರುಗಿಸಿ ಹಾಕಿದಳು. "ಈ ಬೆನ್ನ ಮೇಲೆ ಬರೀರಿ. ಜನವರೀಲಿ ಕಾಗದ ಬಂತು, ಇವ್ರಿಗೆ ಹೇಳ್ಲಿಲ್ಲ, ಮಾತ್ರೆ ಕಿತ್ಕೊಂಡ್ವಿ, ಮೂರು ಜನ ಬಸುರಾದ್ರು ಅಂತ ಬರೀರಿ. ಕೆಳಗೆ ನಿಮ್ಮ ರುಜು ಹಾಕಿ. ಆಮೇಲೆ ನಾನು ಹಾಕ್ತೀನಿ."

ಅವನು ಡಾಕ್ಟರಮ್ಮನ ಮುಖ ನೋಡಿದ. ಅವರು ಸಂತೆಯ ಕಡೆ ನೋಡುತ್ತಿದ್ದರು.

"ನಾನು ಹೇಳಿದ್ದೆ ನಿಮಗೆ, ಇದನ್ನ ತರಬೇಡಿ ಅಂತ," ಅಂದರು ಅವನಿಗೆ.

ಚೋಮಿ ಮಸಿಯಾದ ಹೆಬ್ಬೆಟ್ಟನ್ನು ಕಂಬಕ್ಕೆ ಒರೆಸಿದಳು. ಉಳಿದವರು ಮಕ್ಕಳನ್ನು ಎತ್ತಿಕೊಂಡರು. ಹದಿನೇಳು ಜನರಲ್ಲಿ ಒಬ್ಬಳೂ ರುಜು ಹಾಕಲಿಲ್ಲ. ಡಾಕ್ಟರು ಕಾಗದಗಳನ್ನು ಬ್ಯಾಗಿಗೆ ತುಂಬಿ, ಸುರಿಯುತ್ತಿದ್ದ ಮಳೆಯಲ್ಲೇ ಜೀಪಿಗೆ ಹೋಗಿ ಕೂತ.

ಯಾರೂ ತಪ್ಪಾಯಿತು ಎಂದು ಹೇಳಲಿಲ್ಲ, ಆ ದಿನವೂ ಇಲ್ಲ, ಆಮೇಲೂ ಇಲ್ಲ. ದಮಯಂತಿಗೆ ಆ ವರ್ಷದ ಕೊನೆಯಲ್ಲಿ ಕೆಲಸ ಹೋಯಿತು. ಕಾರಣ ಬೇರೆ ಏನೋ ಹೇಳಿದರು. ಡಾಕ್ಟರಮ್ಮ ಮಾತ್ರ ಆರು ತಿಂಗಳಿಗೊಮ್ಮೆ ಬನ್ನಿ, ನಾನಿರುವವರೆಗೆ ನೋಡುತ್ತೇನೆ ಎಂದು ಎಲ್ಲರಿಗೂ ಹೇಳಿ ಕಳಿಸಿದರು. ಹಾಗೆಯೇ ಮೂರು ವರ್ಷ, ನಿವೃತ್ತಿಯಾಗುವವರೆಗೆ, ನೋಡಿದರು. ವನಜಮ್ಮ ಒಂದು ಸಲವೂ ತಪ್ಪಿಸಲಿಲ್ಲ. ಮೊದಲು ಹೋಗಿ ಸಾಲಿನ ಮುಂದೆ ನಿಲ್ಲುವಳು. ಕೈ ಎತ್ತು ಅಂದರೆ ಎತ್ತುವಳು, ನೋವಿದೆಯೇ ಅಂದರೆ ಇಲ್ಲ ಅನ್ನುವಳು. ಮಕ್ಕಳು ಹೇಗಿದ್ದಾರೆ ವನಜ ಎಂದು ಡಾಕ್ಟರಮ್ಮ ಪ್ರತಿ ಸಲವೂ ಕೇಳುತ್ತಿದ್ದರು. ಅವಳು ರವಿಕೆ ಹಾಕಿಕೊಂಡು, ಸೆರಗು ಸರಿಮಾಡಿಕೊಂಡು, ಉತ್ತರ ಕೊಡದೆ ಹೊರಗೆ ಬರುತ್ತಿದ್ದಳು.